ಕ್ಯಾಸೆಟ್ಟಿನ ಕೊನೆಯಲ್ಲಿ ಉಳಿದ ದನಿ

ಹುಡುಗನ ಕಡೆಯವರು ಎದ್ದು ಹೋದ ಮೇಲೆ, ಹುಡುಗ ನೋಡಲು ಹೇಗಿದ್ದ ಎಂದು ಚಿಕ್ಕಬೀರಯ್ಯನವರು ಹೆಂಡತಿಯನ್ನು ಕೇಳಲಿಲ್ಲ. ಅವರು ಕೇಳಿದ್ದು ಬೇರೆ.

“ಅವ್ನ್ ತಾಯಿ ಅಂತ ಮಾತಾಡುದ್ರಲ್ಲ, ನಿಜವಾಗ್ಲೂ ಅಲ್ಲಿ ಒಬ್ರು ಹೆಂಗ್ಸು ಕೂತಿದ್ರಾ?”

ಲೋಟಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದ ಗುರುಮಲ್ಲಮ್ಮನವರ ಕೈ ನಿಂತಿತು. “ಇದ್ಯಾವ್ ಸೀಮೆ ಮಾತು ಆಡ್ತೀರಿ? ಮೂಗ್ಬಟ್ಟು ಇಕ್ಕಂಡು, ಕೆಂಪು ಸೀರೆ ಉಟ್ಕಂಡು, ನಿಮ್ಮೆದುರ್ಗೇ ಕೂತು ಎರಡ್ ಸಲ ಕೇಸ್ರಿಬಾತು ಆಕುಸ್ಕಂಡ್ರು. ದನಿ ಕೇಳ್ನಿಲ್ವಾ?”

“ಕೇಳ್ದೆ. ಅದ್ಕೇ ಕೇಳ್ತಾ ಇವ್ನಿ.”

ಆ ದನಿಯನ್ನು ಅವರು ಮೊದಲೇ ಬಲ್ಲರು. ಮಕ್ಕಳ ಕಥೆಗಳ ಒಂದು ಕ್ಯಾಸೆಟ್ಟಿನಲ್ಲಿ ಕಾಡಿನಂಚಿನ ಗುಡಿಸಲಿನ ಅಜ್ಜಿಯೊಬ್ಬಳು ಹುಲಿಯನ್ನು ಬೈದು ಓಡಿಸುತ್ತಾಳೆ. ಆ ಅಜ್ಜಿಯ ದನಿಗೂ ಈಗ ತಾನೇ ಕೇಸರಿಬಾತು ತಿಂದುಹೋದ ಹೆಂಗಸಿನ ದನಿಗೂ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಆ ಕ್ಯಾಸೆಟ್ಟನ್ನು ಓದಿದವನು ಇದೇ ಹುಡುಗ, ಹರದನಹಳ್ಳಿಯ ಶಿವಮಲ್ಲು. ಹೀಗಿರುವಾಗ ತನ್ನೆದುರು ಮಾತಾಡಿದ್ದು ತಾಯಿಯೋ ಮಗನೋ ಎಂದು ಕೇಳಿದರೆ ಅದರಲ್ಲಿ ತಪ್ಪೇನು?

ಚಿಕ್ಕಬೀರಯ್ಯನವರ ಅನುಮಾನ ಬರೀ ಸ್ವಭಾವದ್ದಲ್ಲ, ವೃತ್ತಿಯಿಂದ ಬಂದದ್ದು. ಅವರು ಸರ್ಕಾರಿ ಬಸ್ಸುಗಳ ಚೆಕಿಂಗ್ ಇನ್‌ಸ್ಪೆಕ್ಟರ್ ಆಗಿದ್ದವರು. ತೆರಕಣಾಂಬಿಯ ತಿರುವಿನಲ್ಲೋ ಹಂಗಳದ ಹತ್ತಿರವೋ ಕೈಯಡ್ಡ ಹಿಡಿದು ಬಸ್ಸು ಹತ್ತುವುದು, ಒಬ್ಬೊಬ್ಬರ ಟಿಕೆಟ್ಟನ್ನೂ ನೋಡುವುದು, ಕೆಳಗಿಳಿದು ಬಸ್ಸಿನ ತಗಡಿಗೆ ಅಂಗೈಯಿಂದ ಎರಡು ಸಲ ಬಡಿಯುವುದು. ಆ ಎರಡು ಬಡಿತ ಕೇಳಿದ ಮೇಲೆಯೇ ಚಾಲಕ ಗೇರು ಹಾಕುತ್ತಿದ್ದ. ಟಿಕೆಟ್ ಇಲ್ಲದವನು ಸಿಕ್ಕಿಬೀಳುವುದು ಜೇಬಿನಿಂದಲ್ಲ, ಮಾತಿನಿಂದ ಎಂಬುದು ಅವರ ಸಿದ್ಧಾಂತ. ‘ಎಲ್ಲಿ ಹತ್ತಿದ್ರಿ?’ ಎಂದರೆ ಟಿಕೆಟ್ ಇದ್ದವನು ತಟ್ಟನೆ ಹೇಳುತ್ತಾನೆ. ಇಲ್ಲದವನು ಒಂದು ಕ್ಷಣ ತಡೆಯುತ್ತಾನೆ. ಆ ತಡೆಯನ್ನು ಹಿಡಿದೇ ಅವರು ಇಡೀ ಸರ್ವೀಸು ಮುಗಿಸಿದ್ದರು.

ಕಣ್ಣಿನೊಳಗಿನ ಒತ್ತಡ ಏರುತ್ತಾ ಹೋಗಿ ದೃಷ್ಟಿ ಪೂರ್ತಿ ಆರಿದ ಮೇಲೆ ಕೆಲಸ ಬಿಟ್ಟು ಗುಂಡ್ಲುಪೇಟೆಯ ಮನೆಯಲ್ಲಿ ಕುಳಿತರು. ಬಡಿಯುವ ಅಭ್ಯಾಸ ಮಾತ್ರ ಬಿಡಲಿಲ್ಲ. ಸಾರಿನ ರುಚಿ ಸರಿಯಿದ್ದರೆ ಮಣೆಯ ಪಕ್ಕದ ನೆಲಕ್ಕೆ ಎರಡು ಬಡಿತ. ಮಗಳು ಡೈರಿಗೆ ಕೆಲಸಕ್ಕೆ ಹೋಗುತ್ತೇನೆಂದಾಗ ಮೂರು ವಾರ ಯೋಚಿಸಿ ಕೊನೆಗೆ ಕುರ್ಚಿಯ ಕೈಗೆ ಎರಡು ಬಡಿತ. ಬಡಿತ ಬೀಳದಿದ್ದರೆ ಆ ಮನೆಯಲ್ಲಿ ಯಾವುದೂ ಮುಂದಕ್ಕೆ ಹೋಗುತ್ತಿರಲಿಲ್ಲ. ಅದುವರೆಗೆ ಅವರ ಬಾಯಿಂದ ಬರುವ ಮಾತು ಒಂದೇ: “ನೋಡನ.”

ಕ್ಯಾಸೆಟ್ಟುಗಳನ್ನು ಮನೆಗೆ ತರಿಸಿದವಳು ಮಗಳು ಶಿವರಂಜಿನಿ. ಕಣ್ಣಿಲ್ಲದವರಿಗಾಗಿ ಪುಸ್ತಕಗಳನ್ನು ಓದಿ, ಕ್ಯಾಸೆಟ್ಟಿಗೆ ತುಂಬಿ, ಅಂಚೆಯಲ್ಲಿ ಎರವಲು ಕಳಿಸುವ ಸಂಸ್ಥೆಯೊಂದು ಚಾಮರಾಜನಗರದಲ್ಲಿತ್ತು. ಆ ಊರು ಇನ್ನೂ ಜಿಲ್ಲೆಯಾಗಿರಲಿಲ್ಲ. ಆಗುತ್ತದೆ ಎಂಬ ಸುದ್ದಿ ಮಾತ್ರ ಬಸ್ಸು ಬಸ್ಸಿಗೂ ಹತ್ತಿ ಇಳಿಯುತ್ತಿತ್ತು. ಸಂಸ್ಥೆಯಲ್ಲಿ ಓದುವವರು ಹಲವರಿದ್ದರು. ಆದರೆ ಆರಂಭದಲ್ಲಿ ‘ಓದಿದವರು, ಹರದನಹಳ್ಳಿ ಶಿವಮಲ್ಲು’ ಎಂದು ಬಂದರೆ ಚಿಕ್ಕಬೀರಯ್ಯನವರು ಕುರ್ಚಿಯನ್ನು ಟೇಪ್‌ರೆಕಾರ್ಡರಿನ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು.

ಅದಕ್ಕೆ ಕಾರಣವಿತ್ತು. ಅವನು ಪುರಾಣ ಓದಿದರೆ ಮುದಿ ರಾಜನ ಮಾತು ಎದೆಯ ತಳದಿಂದ ಏಳುತ್ತಿತ್ತು, ದೂತನ ಮಾತು ನಿಂತುಕೊಂಡು ಆಡಿದಂತೆ ಕೇಳುತ್ತಿತ್ತು. ಪ್ರವಾಸ ಕಥನವಾದರೆ ಏರು ಬಂದಲ್ಲಿ ತುಸು ಏದುಸಿರು. ಹಾಸ್ಯ ಪ್ರಬಂಧವಾದರೆ ತಾನು ನಗುತ್ತಿರಲಿಲ್ಲ. ನಗುವವರಿಗೆ ಜಾಗ ಬಿಟ್ಟು, ಏನೂ ಆಗಿಲ್ಲವೆಂಬಂತೆ ಮುಂದಿನ ವಾಕ್ಯಕ್ಕೆ ಹೋಗುತ್ತಿದ್ದ. ಜೇನು ಸಾಕಾಣಿಕೆಯ ಪುಸ್ತಕದಲ್ಲಿ ಪೆಟ್ಟಿಗೆಯ ಮುಚ್ಚಳ ತೆಗೆಯುವ ಭಾಗ ಬಂದಾಗ ದನಿಯನ್ನು ಎಷ್ಟು ತಗ್ಗಿಸಿದನೆಂದರೆ ಚಿಕ್ಕಬೀರಯ್ಯನವರು ತಾವೂ ಕೈಯನ್ನು ಹಿಂದಕ್ಕೆಳೆದುಕೊಂಡಿದ್ದರು. ಪಿಯುಸಿ ಜೀವಶಾಸ್ತ್ರದಲ್ಲಿ ಹೃದಯದ ಚಿತ್ರ ಬಂದರೆ ‘ಚಿತ್ರ ನೋಡಿ’ ಎಂದು ಓದಿ ಮುಂದೆ ಹೋಗುವವನಲ್ಲ. ‘ನಿಮ್ಮ ಬಲ ಅಂಗೈಯನ್ನು ಎದೆಯ ನಡುವೆ, ತುಸು ಎಡಕ್ಕೆ ಇಡಿ’ ಎಂದು ಆರಂಭಿಸಿ, ನಾಲ್ಕು ಕೋಣೆಗಳನ್ನೂ ಬೆರಳುಗಳ ಕೆಳಗೇ ತೋರಿಸುತ್ತಿದ್ದ. ಪರೀಕ್ಷೆ ಬರೆಯುವ ವಯಸ್ಸು ಎಂದೋ ದಾಟಿದ್ದ ಚಿಕ್ಕಬೀರಯ್ಯನವರು ಆ ಕ್ಯಾಸೆಟ್ಟನ್ನೂ ಕೊನೆಯವರೆಗೆ ಕೇಳಿದ್ದರು.

ಕೇಳಿ ಮುಗಿಸಿದ ಕ್ಯಾಸೆಟ್ಟಿನ ಕಾಗದದ ಪಟ್ಟಿಯಲ್ಲಿ, ಬಲ ಮೂಲೆಯನ್ನು ಉಗುರಿನಿಂದ ಚೂರು ಹರಿಯುವುದು ಅವರ ಪದ್ಧತಿ. ಕಂಡಕ್ಟರು ಟಿಕೆಟ್ಟಿಗೆ ತೂತು ಹಾಕುವಂತೆ. ಅದೇ ಕ್ಯಾಸೆಟ್ಟು ಮತ್ತೆ ಬಂದರೆ ಬೆರಳಿಗೇ ಗೊತ್ತಾಗಬೇಕು. ಸಂಸ್ಥೆಯ ಸ್ವತ್ತನ್ನು ಹೀಗೆ ಹರಿಯಬಾರದೆಂದು ಮಗಳು ಹೇಳಿ ಸೋತಿದ್ದಳು.

ಆದ್ದರಿಂದ ಗುರುಮಲ್ಲಮ್ಮನವರ ತಮ್ಮ ಗುರುಮಲ್ಲಯ್ಯ ಬಂದು, “ಬಾವ, ನಿಮ್ ಟೇಪಿನ ಶಿವಮಲ್ಲು ಅವ್ನಲ್ಲ, ಅವ್ರ ಮನೇಲಿ ಎಣ್ಣು ಉಡುಕ್ತಾವ್ರೆ. ಸರ್ಕಾರಿ ಆಪೀಸ್ನಲ್ಲಿ ಗುಮಾಸ್ತ. ಓದೋದು ಭಾನ್ವಾರ, ಸಂಬ್ಳ ಇಲ್ದೆ” ಎಂದಾಗ ಮನೆಯವರೆಲ್ಲ ಎರಡು ಬಡಿತ ಆಗಲೇ ಬೀಳುತ್ತದೆಂದು ಕಾದರು. ಬೀಳಲಿಲ್ಲ. “ನೋಡನ” ಎಂದರು ಚಿಕ್ಕಬೀರಯ್ಯನವರು.

ಹುಡುಗ ಬಂದ ದಿನ ನಡೆದದ್ದು ಇಷ್ಟು. ಉಪಚಾರದ ಮಾತು ಮುಗಿದ ಮೇಲೆ ಗುರುಮಲ್ಲಯ್ಯ ತಮಾಷೆಗೆ, “ಒಂದ್ಸಲ ರಾಜನ್ ದನೀಲಿ ನೀರ್ ಕೇಳಪ್ಪ” ಎಂದ. ಶಿವಮಲ್ಲು ನಕ್ಕು, ಗಂಟಲು ಸರಿಮಾಡಿಕೊಂಡು, “ಯಾರಲ್ಲಿ? ನೀರು!” ಎಂದ. ಅಡುಗೆಮನೆಯ ಬಾಗಿಲಲ್ಲಿ ಬಳೆಗಳು ನಕ್ಕವು. ಚಿಕ್ಕಬೀರಯ್ಯನವರಿಗೂ ನಗು ಬಂದಿತ್ತು. ಆದರೆ ಅವರು ನಗಲಿಲ್ಲ, ಕೇಳಬೇಕಾದ ಪ್ರಶ್ನೆಯೊಂದಿತ್ತು.

“ನನ್ ಮಗ್ಳು ಡೈರೀಲಿ ಆಲು ಪರೀಕ್ಷೆ ಮಾಡ್ತಾಳೆ. ಆ ಕೆಲ್ಸ ಬುಡಾಕಿಲ್ಲ. ಏನಂತೀಯಪ್ಪ?”

ಒಂದು ಕ್ಷಣದ ತಡೆ. ಆಮೇಲೆ ಹುಡುಗ ಹೇಳಿದ: “ಬಿಡೋದು ಬೇಡ ಸಾರ್. ಅವರಿಗೆ ಚಾಮರಾಜನಗರದ ಕಡೆ ಬದಲಿ ಸಿಗೋವರೆಗೆ ನಾನೇ ಓಡಾಡ್ತೀನಿ.”

ಚಿಕ್ಕಬೀರಯ್ಯನವರ ಕೈಯಲ್ಲಿದ್ದ ಲೋಟ ಬಾಯಿಯವರೆಗೆ ಹೋಗದೆ ನಿಂತಿತು. ಅದು ರಾಜನ ದನಿಯಲ್ಲ, ಜೇನಿನ ದನಿಯಲ್ಲ, ಜೀವಶಾಸ್ತ್ರದ ದನಿಯೂ ಅಲ್ಲ. ಅದು ರುದ್ರೇಶನ ದನಿ.

ರುದ್ರೇಶ ಒಂದು ಪತ್ತೇದಾರಿ ಕಾದಂಬರಿಯ ಪಾತ್ರ. ಊರಿಂದೂರಿಗೆ ಹೋಗಿ, ಮರ್ಯಾದಸ್ಥರ ಮನೆಯ ಹೆಣ್ಣು ಕೇಳಿ, ಮದುವೆಯಾಗಿ, ಒಡವೆಯ ಗಂಟಿನೊಡನೆ ಮಾಯವಾಗುವವನು. ಕಾದಂಬರಿಯ ಉದ್ದಕ್ಕೂ ಅವನೇ ಎಲ್ಲರಿಗಿಂತ ಸಭ್ಯ. ಕೊನೆಯ ಅಧ್ಯಾಯದಲ್ಲಿ ಅವನ ಕೈಗೆ ಕೋಳ ಬಿದ್ದಾಗ ಚಿಕ್ಕಬೀರಯ್ಯನವರು ಕುರ್ಚಿಯಿಂದ ಎದ್ದುನಿಂತಿದ್ದರು, ಏಕೆಂದರೆ ಅವರೂ ಅವನನ್ನು ನಂಬಿದ್ದರು. ಸರ್ವೀಸಿನಲ್ಲಿ ಯಾರಿಗೂ ಏಮಾರದ ತಾವು ಒಂದು ಕ್ಯಾಸೆಟ್ಟಿಗೆ ಏಮಾರಿದ ಸಿಟ್ಟು ಅವರಿಗೆ ಇನ್ನೂ ಆರಿರಲಿಲ್ಲ. ಮೃದುವಾದ, ಏರಿಳಿತವಿಲ್ಲದ ಅದೇ ದನಿ ಈಗ ತಮ್ಮ ಜಗುಲಿಯಲ್ಲಿ ಕುಳಿತು, ತಮ್ಮ ಮಗಳ ವಿಷಯದಲ್ಲಿ ಮಾತು ಕೊಡುತ್ತಿದೆ. ಮಾತಿಗೆ ಮುಂಚೆ ಅದೇ ಒಂದು ಕ್ಷಣದ ತಡೆ.

ಇಷ್ಟೊಂದು ದನಿಗಳಿರುವವನು ಹೆಣ್ಣು ನೋಡಲು ಬಂದಾಗ ಈ ದನಿಯನ್ನೇ ಏಕೆ ತೊಟ್ಟುಕೊಂಡ?

ಮಾರನೆಯ ದಿನದಿಂದ ಆ ಕಾದಂಬರಿಯ ಕ್ಯಾಸೆಟ್ಟುಗಳು ಮತ್ತೆ ತಿರುಗತೊಡಗಿದವು. ಸದ್ಯ ಅವನ್ನಿನ್ನೂ ಸಂಸ್ಥೆಗೆ ಹಿಂದಿರುಗಿಸಿರಲಿಲ್ಲ. ರುದ್ರೇಶ ಹೆಣ್ಣಿನ ತಂದೆಯೊಡನೆ ಮಾತಾಡುವ ಭಾಗ ಬಂದರೆ ನಿಲ್ಲಿಸುವುದು, ಹಿಂದಕ್ಕೆ ಸುತ್ತುವುದು, ಮತ್ತೆ ಕೇಳುವುದು. ತಡೆ ಇತ್ತು. ಪ್ರತಿಸಲವೂ ಇತ್ತು.

“ಆ ಕಳ್ನ್ ದನಿ ಎಷ್ಟ್ ಸಲ ಕೇಳೀರಿ?” ಎಂದು ಗುರುಮಲ್ಲಮ್ಮ ಒರಳಿನ ಮುಂದಿನಿಂದಲೇ ಕೂಗಿದರು. “ನಂಗೇ ಬಾಯ್ಪಾಠ ಆಗೋಯ್ತು. ಗುರುಮಲ್ಲಯ್ಯ ಏಳಿ ಕಳ್ಸವ್ನೆ. ತಿಂಗ್ಳೊಳ್ಗೆ ಊಂ ಅಂತೀರೋ ಊಹೂಂ ಅಂತೀರೋ ಏಳ್ಬೇಕಂತೆ. ಕೊಳ್ಳೇಗಾಲ್ದಿಂದ ಇನ್ನೊಂದು ಸಂಬಂಧ ಬಂದು ಕೂತದಂತೆ ಅವ್ರಿಗೆ.”

“ನೋಡನ.”

“ನೋಡನ ನೋಡನ ಅಂತಾನೇ ನನ್ ಮಗ್ಳ ತಲೆ ಬೆಳ್ಳಗಾಗ್ಬೇಕಾ?”

ಸಂಜೆ ಶಿವರಂಜಿನಿ ಡೈರಿಯಿಂದ ಬಂದು ತಂದೆಯ ಪಕ್ಕ ಕುಳಿತಳು. ಬಿ.ಎಸ್ಸಿ. ಓದಿದವಳು, ಮಾತು ಕಡಿಮೆ. ಅವಳು ಈ ಸಂಬಂಧಕ್ಕೆ ಮೊದಲ ದಿನವೇ ಒಪ್ಪಿದ್ದಳು. ಅದು ತಂದೆಗೆ ಇನ್ನೊಂದು ಚಿಂತೆ.

“ಅಪ್ಪ, ನೀವು ಮಾತಿಗೂ ಲ್ಯಾಕ್ಟೋಮೀಟರ್ ಇಡ್ತೀರಿ.”

“ಇಡ್ಬೇಕಲ್ಲಮ್ಮಿ. ನೀನು ಆಲಿಗೆ ಇಡಾಕಿಲ್ವಾ?”

“ಇಡ್ತೀನಿ. ಆದ್ರೆ ಇವತ್ತಿನ ಹಾಲು ನಿನ್ನೆ ಕಳ್ಳನ ಕ್ಯಾನಲ್ಲಿದ್ದ ಹಾಲಿನ ಹಾಗೇ ಬೆಳ್ಳಗಿದೆ ಅಂತ ಚೆಲ್ಲಲ್ಲ.”

“ನೀನು ಆ ರಾಜನ್ ದನಿಗೆ ಮಳ್ಳಾಗೋಗಿದ್ದೀಯ ಕಣಮ್ಮಿ. ಅದು ಓದೋ ದನಿ. ಸಂಸಾರ ಮಾಡೋ ದನಿ ಅಲ್ಲ.”

“ನಾನು ಒಪ್ಪಿದ್ದು ಅವರು ಓದಿದ್ದು ಕೇಳಿ ಅಲ್ಲಪ್ಪ.”

ಚಿಕ್ಕಬೀರಯ್ಯನವರ ಕುತ್ತಿಗೆ ಮಗಳ ಕಡೆ ತಿರುಗಿತು. “ಮತ್ತೆ?”

“ಈಗ ಹೇಳಿದ್ರೆ ಅದನ್ನೂ ನಂಬಲ್ಲ ನೀವು. ಸಾಕ್ಷಿ ಮನೇಲಿಲ್ಲ, ಚಾಮರಾಜನಗರದಲ್ಲಿದೆ. ಅವರು ಓದೋ ಜಾಗಕ್ಕೇ ಹೋಗೋಣ. ಅದಾದ ಮೇಲೂ ಬೇಡ ಅಂದ್ರೆ ನಾನು ಎರಡನೇ ಮಾತಾಡಲ್ಲ.”

ಆ ರಾತ್ರಿಯ ಊಟ ಅವರಿಗೆ ಸೇರಲಿಲ್ಲ. ಸಾಕ್ಷಿ ಎಂದರೇನು? ಇವಳು ಅವನನ್ನು ಮೊದಲೇ ಕಂಡಿದ್ದಾಳೆಯೇ? ಗುರುಮಲ್ಲಯ್ಯನಿಗೆ ಈ ಸಂಬಂಧದ ಸುಳಿವು ಕೊಟ್ಟವಳು ಇವಳೇ ಇರಬಹುದೇ? ಒಬ್ಬ ಪ್ರಯಾಣಿಕನ ಮೇಲಿದ್ದ ಅನುಮಾನ ಈಗ ಇಡೀ ಬಸ್ಸಿಗೆ ಹರಡಿತ್ತು.

ಭಾನುವಾರ ಬೆಳಿಗ್ಗೆ ಹೊರಟರು. ಗಂಡಿನ ಮನೆ ನೋಡುವ ಶಾಸ್ತ್ರವೆಂದು ಹೆಸರು. ಗುರುಮಲ್ಲಮ್ಮ ಬರುವುದಿಲ್ಲವೆಂದರು. “ನೀವು ಮೊದ್ಲು ಎರಡ್ ಸಲ ಬಡೀರಿ. ಅದು ಕೇಳುದ್ ಮೇಲೆ ನಾನು ಮನೆ ನೋಡ್ತೀನಿ. ಕೇಳೋಗಂಟ ನನ್ ಕಾಲು ಒಸ್ಲು ದಾಟಾಕಿಲ್ಲ.”

ಬಸ್ಸು ತೆರಕಣಾಂಬಿ ದಾಟುವಾಗ ಚಿಕ್ಕಬೀರಯ್ಯನವರ ಮೈ ತಾನಾಗಿಯೇ ತಿರುವಿಗೆ ವಾಲಿತು. ದಾರಿಯುದ್ದಕ್ಕೂ ಹದ ಮಾಡಿದ ಅರಿಶಿನದ ವಾಸನೆ. ಚಾಮರಾಜನಗರದ ನಿಲ್ದಾಣದಲ್ಲಿ ಕಾಯುತ್ತಿದ್ದ ಗುರುಮಲ್ಲಯ್ಯ, ಶಿವರಂಜಿನಿ ಇಳಿದದ್ದನ್ನು ಕಂಡು ದನಿ ತಗ್ಗಿಸಿದ.

“ಬಾವ, ಮನೆ ನೋಡಾಕೆ ಎಣ್ಣೇ ಬರೋದುಂಟಾ? ಅವ್ರೇನಂದ್ಕತಾರೆ?”

“ನಂಗೆ ಕಣ್ಣಾಗಿ ಬಂದವ್ಳೆ. ಮನೆ ಆಮೇಲೆ ಕಣ್ಲಾ. ಮೊದ್ಲು ಅವ್ನು ಓದೋ ರೂಮು.”

ಸಂಸ್ಥೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ಓದುವ ಕೋಣೆಗೆ ಕಾಲಿಟ್ಟೊಡನೆ ಚಿಕ್ಕಬೀರಯ್ಯನವರಿಗೆ ಕಸಿವಿಸಿಯಾಯಿತು. ಸಾಮಾನ್ಯವಾಗಿ ಅವರು ಕೆಮ್ಮಿ, ಗೋಡೆ ಎಷ್ಟು ದೂರದಲ್ಲಿದೆ ಎಂದು ತಿಳಿಯುತ್ತಿದ್ದರು. ಇಲ್ಲಿ ಕೆಮ್ಮು ಹೋದದ್ದು ಹಿಂದಿರುಗಲಿಲ್ಲ. ಗೋಡೆಗಳಿಗೆಲ್ಲ ಕಂಬಳಿ ಮತ್ತು ತೆಂಗಿನ ನಾರಿನ ಚಾಪೆ ಹೊದಿಸಿದ್ದರು.

“ಫ್ಯಾನ್ ಆಕಾಕಿಲ್ಲ ಸಾರ್, ಸೆಕೆ ತಡ್ಕಬೇಕು. ರೆಕ್ಕೆ ಸದ್ದು ಟೇಪಿಗೆ ಕೂತ್ಕತದೆ” ಎಂದ ಶಾಂತರಾಜು. ಯಂತ್ರ ನಡೆಸುವವನು ಅವನು. ಗಾಜಿನ ಕಿಟಕಿಯ ಆಚೆ ಪಕ್ಕದ ಕೋಣೆಯಲ್ಲಿ ಕುಳಿತುಕೊಳ್ಳುವವನು. ಈ ಕಡೆ ಮೇಜು, ಮೈಕು, ಶಿವಮಲ್ಲು.

“ನಾವ್ ಬಂದಿಲ್ಲ ಅಂದ್ಕಂಡು ಓದಪ್ಪ” ಎಂದು ಚಿಕ್ಕಬೀರಯ್ಯನವರು ಗೋಡೆಗೆ ಒರಗಿ ಕುಳಿತರು. ಮಗಳು ಮತ್ತು ಗುರುಮಲ್ಲಯ್ಯ ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕುಳಿತರು.

ಅದೊಂದು ಹಳ್ಳಿಯ ಕಾದಂಬರಿ. ಸಂತೆಯಲ್ಲಿ ಒಬ್ಬ ವರ್ತಕ, ಒಬ್ಬ ವಿಧವೆ, ಒಬ್ಬ ಪೇದೆ ಜಗಳವಾಡುವ ಪ್ರಸಂಗ. ಕ್ಯಾಸೆಟ್ಟಿನಲ್ಲಿ ಕೇಳದಿದ್ದದ್ದೆಲ್ಲ ಇಲ್ಲಿ ಕೇಳುತ್ತಿತ್ತು. ವರ್ತಕನಿಗೆ ಶಿವಮಲ್ಲು ಕುರ್ಚಿಯಲ್ಲಿ ಹಿಂದಕ್ಕೆ ಒರಗುತ್ತಿದ್ದ. ಮಾತು ಹೊಟ್ಟೆಯ ಮೇಲಿನಿಂದ ಉರುಳಿ ಬರುತ್ತಿತ್ತು. ವಿಧವೆಗೆ ಗದ್ದವನ್ನು ಎದೆಗೆ ಒತ್ತಿಕೊಳ್ಳುತ್ತಿದ್ದನೇನೋ, ದನಿ ಕಿರಿದಾಗಿ, ಗಂಟಲ ಹಿಂಭಾಗಕ್ಕೆ ಸರಿಯುತ್ತಿತ್ತು. ಪೇದೆಯ ಸರದಿ ಬಂದಾಗ ಕುರ್ಚಿ ಟೇಪಿಗೆ ಸಿಗದಷ್ಟು ಮೆಲ್ಲಗೆ ಸದ್ದುಮಾಡಿ ಹಗುರಾಗುತ್ತಿತ್ತು, ಅವನು ಅರ್ಧ ಎದ್ದು ನಿಂತಿದ್ದ. ಮೂವರ ನಡುವೆ ಕಥೆ ಹೇಳುವವನ ದನಿಯೊಂದು ಯಾರ ಪಕ್ಷವನ್ನೂ ವಹಿಸದೆ ಸಾಗುತ್ತಿತ್ತು. ಚಿಕ್ಕಬೀರಯ್ಯನವರು ತಮಗರಿವಿಲ್ಲದೆ ಮುಂದಕ್ಕೆ ಬಾಗಿದರು. ಸಂತೆ ತುಂಬಿತು. ಎಷ್ಟು ಜನ ಈ ಒಬ್ಬನೊಳಗೆ! ಇಷ್ಟು ಜನರೊಳಗೆ ತಮ್ಮ ಮಗಳನ್ನು ಮದುವೆಯಾಗುವವನು ಯಾರು?

ಆಗ ಶಿವಮಲ್ಲು ಒಂದು ಪದಕ್ಕೆ ತಡವರಿಸಿದ. ನಾಲಿಗೆ ಲೊಚಗುಟ್ಟಿ, ಕಿಟಕಿಯ ಕಡೆ ತಿರುಗಿ ಹೇಳಿದ: “ಶಾಂತರಾಜ, ತಪ್ಪಾಯ್ತು. ಆ ವಾಕ್ಯದ ಮೊದಲಿಂದ ತಗೊಳ್ಳೋಣ.”

“ನಿಲ್ಸು” ಎಂದರು ಚಿಕ್ಕಬೀರಯ್ಯನವರು. “ಈಗ ಮಾತಾಡ್ದಲ್ಲ, ಅದು ಯಾರ ದನಿ?”

“ನಂದೇ ಸಾರ್.”

“ಅದು ರುದ್ರೇಶನ್ ದನಿ.”

ಗುರುಮಲ್ಲಯ್ಯ ಯಾವ ರುದ್ರೇಶ ಎಂದು ಪಿಸುಗುಟ್ಟಿದ. ಶಿವರಂಜಿನಿ ಸುಮ್ಮನಿರಲು ಸನ್ನೆ ಮಾಡಿದಳು. ಶಿವಮಲ್ಲು ಪುಸ್ತಕ ಮುಚ್ಚಿದ ಸದ್ದು ಕೇಳಿತು.

“ಹೌದು ಸಾರ್. ಅವನಿಗೆ ನನ್ನ ದನೀನೇ ಕೊಟ್ಟೆ. ಕೇಳೋರಿಗೆ ಅವನು ಕಳ್ಳ ಅಂತ ಕೊನೇಲಿ ಗೊತ್ತಾಗ್ಬೇಕು, ಅಲ್ಲೀವರೆಗೆ ಅವನನ್ನ ನಂಬ್ಬೇಕು. ನಾನು ಕಟ್ಟಿದ ಯಾವ ದನೀಲಿ ಓದಿದ್ರೂ ಅವನು ನಾಟಕ ಆಡ್ತಿದಾನೆ ಅಂತ ಮೊದಲ್ನೇ ಮಾತಿಗೇ ಗೊತ್ತಾಗ್ತಿತ್ತು. ಮೂರು ಸಲ ಅಳಿಸ್ದೋ. ಕೊನೆಗೆ ಮನೇಲಿ ಮಾತಾಡೋ ಹಾಗೆ ಓದಿದೆ.”

“ಅಜ್ಜಿ ದನಿ?”

“ಅವ್ವಂದು. ಅವಳಿಗೆ ಗೊತ್ತಿಲ್ಲ, ಹೇಳ್ಬೇಡಿ.”

ಗುರುಮಲ್ಲಯ್ಯ ನಕ್ಕ. ಚಿಕ್ಕಬೀರಯ್ಯನವರು ನಗಲಿಲ್ಲ. ವಿವರಣೆ ಅಚ್ಚುಕಟ್ಟಾಗಿತ್ತು. ಅಚ್ಚುಕಟ್ಟಾದ ವಿವರಣೆಗಳನ್ನು ಅವರು ಬಸ್ಸುಗಳಲ್ಲಿ ಬೇಕಾದಷ್ಟು ಕೇಳಿದ್ದರು: ಗಾಳಿಗೆ ಹಾರಿಹೋದ ಟಿಕೆಟ್ಟು, ಮಗು ನುಂಗಿದ ಟಿಕೆಟ್ಟು.

“ಇದೇ ನನ್ ನಿಜ್ವಾದ್ ದನಿ ಅಂತ ರುದ್ರೇಶನೂ ಏಳ್ತಾನೆ ಕಣಯ್ಯ.”

ಮತ್ತೆ ಆ ತಡೆ. “ಹೇಳ್ತಾನೆ ಸಾರ್. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.”

ಆಗ ಶಿವರಂಜಿನಿ ಎದ್ದು ಕಿಟಕಿಯ ಕಡೆಗೆ, “ಜೇನು ಸಾಕಾಣಿಕೆ ಪುಸ್ತಕದ ಎರಡನೇ ಕ್ಯಾಸೆಟ್ಟು ಇದೆಯಾ? ಒಂದು ಟೇಪ್‌ರೆಕಾರ್ಡರ್ ಕೂಡ ಬೇಕಿತ್ತು” ಎಂದಳು. ಶಾಂತರಾಜು ಕಪಾಟಿನಲ್ಲಿ ಹುಡುಕಿ ಎರಡನ್ನೂ ತಂದು ಮೇಜಿನ ಮೇಲಿಟ್ಟ. ಅವಳು ಕ್ಯಾಸೆಟ್ಟನ್ನು ಮೊದಲು ತಂದೆಯ ಕೈಗೆ ಕೊಟ್ಟಳು.

“ನೋಡಿ, ನಮ್ಮನೆಗೆ ಬಂದಿದ್ದೇ ಅಲ್ವಾ?”

ಚಿಕ್ಕಬೀರಯ್ಯನವರ ಹೆಬ್ಬೆರಳು ಕಾಗದದ ಪಟ್ಟಿಯ ಬಲ ಮೂಲೆಗೆ ಹೋಯಿತು. ಉಗುರಿನಿಂದ ಹರಿದ ಗುರುತು ಅಲ್ಲಿತ್ತು. “ನಮ್ದೇ. ಗುರುಮಲ್ಲಯ್ಯ ಈ ಸಂಬಂಧ ತರೋದ್ಕೆ ಮೊದ್ಲೇ ಕೇಳಿ ವಾಪಸ್ ಕಳ್ಸಿದ್ದು.” ಆದರೂ ಅವರ ಬೆರಳು ನಿಲ್ಲಲಿಲ್ಲ. ಇತ್ತೀಚೆಗೆ ಇದರ ಮೇಲೆ ಏನನ್ನಾದರೂ ತುಂಬಿರಬಹುದಲ್ಲ? ಕ್ಯಾಸೆಟ್ಟಿನ ಹಿಂಬದಿಯ ಅಂಚನ್ನು ಸವರಿದರು. ಎರಡು ತುದಿಯಲ್ಲಿರುವ ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದಿದ್ದರು. ಮುರಿದ ಮೇಲೆ ಯಂತ್ರ ಅದರಲ್ಲಿ ಹೊಸದನ್ನು ತುಂಬಿಕೊಳ್ಳುವುದಿಲ್ಲ. ಮುರಿದ ಜಾಗಕ್ಕೆ ಅಂಟುಕಾಗದ ಹಚ್ಚಿ ಕಿತ್ತ ಜಿಗುಟು ಇದೆಯೇ ಎಂದೂ ಸವರಿ ನೋಡಿದರು. ಇರಲಿಲ್ಲ.

“ಮುಗ್ದ್ರೆ ಕೊಡಿ ಅಪ್ಪ” ಎಂದು ಶಿವರಂಜಿನಿ ಕ್ಯಾಸೆಟ್ಟನ್ನು ಬಿ ಕಡೆಗೆ ಹಾಕಿ ಮುಂದಕ್ಕೆ ಓಡಿಸಿದಳು. “ನೀವು ‘ಪುಸ್ತಕ ಮುಗಿಯಿತು’ ಅಂದ ತಕ್ಷಣ ಎದ್ದು ಹೋಗ್ತೀರಿ. ನಾನು ಟೇಪು ತಾನಾಗಿ ಟಕ್ ಅಂತ ನಿಲ್ಲೋವರೆಗೆ ಬಿಡ್ತೀನಿ, ಪೂರ್ತಿ ಓಡಿಸಿ ಸುತ್ತಿದ್ರೆ ಸುರುಳಿ ಬಿಗಿಯಾಗಿ ಕೂತ್ಕೊಳುತ್ತೆ ಅಂತ. ಇಲ್ಲಿ ಹಳೇ ಕ್ಯಾಸೆಟ್ಟಿನ ಮೇಲೇ ಹೊಸ ಪುಸ್ತಕ ತುಂಬ್ತಾರೆ. ಹೊಸದು ಚಿಕ್ಕದಾದ್ರೆ ಹಳೇದರ ಬಾಲ ಉಳ್ಕೊಂಡಿರುತ್ತೆ.”

‘...ಮಳೆಗಾಲದಲ್ಲಿ ಪೆಟ್ಟಿಗೆಯನ್ನು ಹೀಗೆ ಮುಚ್ಚಿಡಬೇಕು. ಇಲ್ಲಿಗೆ ಪುಸ್ತಕ ಮುಗಿಯಿತು’ ಎಂದಿತು ಟೇಪು, ಜೇನಿನ ತಗ್ಗಿದ ದನಿಯಲ್ಲಿ. ಆಮೇಲೆ ಬರೀ ಸುಯ್ಯೆಂಬ ಸದ್ದು. ಚಿಕ್ಕಬೀರಯ್ಯನವರು ಇದುವರೆಗೆ ಎಂದೂ ಕೇಳದ ಭಾಗ. ಒಮ್ಮೆಲೇ ಬಾಗಿಲು ಕಿರುಗುಟ್ಟಿತು, ಬಕೆಟ್ಟಿನ ಹಿಡಿ ಸದ್ದು ಮಾಡಿತು.

‘ಶಿವಮಲ್ಲಣ್ಣ, ಓದ್ತಾ ಇದ್ದೀರಾ?’ ಹೆಂಗಸಿನ ದನಿ.

‘ಇಲ್ಲ, ಹೇಳಿ ಪುಟ್ಟಬಸಮ್ಮ.’

‘ನಿಮ್ಮಾಪೀಸ್ನಲ್ಲಿ ಜವಾನನ್ ಕೆಲ್ಸ ಕಾಲಿ ಅದಂತೆ. ನನ್ನಳಿಯಂಗೆ ಒಸಿ ಏಳಿ ಕೊಡ್ಸಿ.’

ತಡೆ. ಚಿಕ್ಕಬೀರಯ್ಯನವರ ಬೆನ್ನು ನೆಟ್ಟಗಾಯಿತು.

‘ಆಗೋಲ್ಲ ಪುಟ್ಟಬಸಮ್ಮ. ಅದು ನನ್ನ ಕೈಯಲ್ಲಿಲ್ಲ.’

‘ಸಾಯೇಬ್ರ ಕಿವೀಗೊಂದು ಮಾತಾಕುದ್ರೆ ಏನ್ ಕಳ್ಕತೀರಿ?’

‘ಹಾಕಿದ್ರೂ ಆಗೋಲ್ಲ. ಆ ಜಾಗಕ್ಕೆ ಬೇರೆಯವರು ಆಗಲೇ ಬಂದಾಯ್ತು.’

‘ಓಗ್ಲಿ, ನೋಡನ ಅಂತಾದ್ರೂ ಅನ್ಬಾರ್ದಾ? ಮನೇಗೋಗಿ ಏಳಾಕೆ ಒಂದ್ ಮಾತಾಯ್ತದೆ.’

ಮತ್ತೆ ತಡೆ, ಈ ಸಲ ಮೊದಲಿಗಿಂತ ಉದ್ದ.

‘ಅನ್ನೋಲ್ಲ. ನೋಡೋಣ ಅಂದ್ರೆ ಅವನು ಕಾಯ್ತಾ ಕೂರ್ತಾನೆ, ಈಗಿರೋ ಕೆಲಸಾನೂ ಬಿಡ್ತಾನೆ. ಆಗೋಲ್ಲ ಅಂತಲೇ ಹೇಳಿ.’

ಬಕೆಟ್ಟು ನೆಲಕ್ಕೆ ಕುಕ್ಕಿದ ಸದ್ದು. ಬಾಗಿಲು. ಟಕ್ ಎಂದು ಟೇಪು ನಿಂತಿತು.

“ಇದು ಯಾವಾಗ ತುಂಬ್ತು?” ಶಿವಮಲ್ಲುವಿನ ದನಿಯಲ್ಲಿ ಗಾಬರಿ. ಶಾಂತರಾಜು ತಲೆ ಕೆರೆದುಕೊಂಡ. “ಇದ್ರಲ್ಲಿ ಮೊದ್ಲಿದ್ದ ಪುಸ್ತಕ ಮುಗ್ದಾಗ ನಿಲ್ಸಾದು ಮರ್ತಿದ್ದೆ ಅಂತ ಕಾಣ್ತದೆ ಅಣ್ಣ. ಪುಟ್ಟಬಸಮ್ಮ ಆಮೇಲೆ ಎರಡ್ ತಿಂಗ್ಳು ನಿಮ್ ಟೇಬಲ್ ಕೆಳ್ಗೆ ಕಸ ಗುಡುಸ್ನಿಲ್ಲ, ನೆನಪದಾ?”

ಚಿಕ್ಕಬೀರಯ್ಯನವರು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಅದೇ ದನಿ. ಮೃದುವಾದ, ಏರಿಳಿತವಿಲ್ಲದ, ತಡೆದು ಆಡುವ ದನಿ. ಯಾರೂ ಕೇಳುತ್ತಿಲ್ಲವೆಂದುಕೊಂಡಾಗಲೂ ಅದೇ. ತಡೆಯನ್ನು ಅವರು ಸರಿಯಾಗಿಯೇ ಹಿಡಿದಿದ್ದರು. ತಡೆಯ ಆಚೆ ಏನಿದೆ ಎಂಬುದನ್ನು ನೋಡಿರಲಿಲ್ಲ. ಬಸ್ಸಿನಲ್ಲಿ ತಡೆದವರೆಲ್ಲ ತಡೆದದ್ದು ಒಂದು ಕಥೆ ಹುಡುಕುವುದಕ್ಕೆ. ಟಿಕೆಟ್ ಇಲ್ಲ ಎಂದು ಯಾರೂ ಹೇಳಿರಲಿಲ್ಲ. ಈ ಮನುಷ್ಯ ತಡೆದು, ಯೋಚಿಸಿ, ಎದುರಿಗಿದ್ದವಳಿಗೆ ಬೇಡದ ಮಾತನ್ನು ಹೇಳಿದ್ದ. ನೋಡೋಣ ಎಂಬ ಒಂದು ಪದದಿಂದ ತಪ್ಪಿಸಿಕೊಳ್ಳಬಹುದಾಗಿತ್ತು. ಆ ಪದದ ಬಳಕೆ ಚಿಕ್ಕಬೀರಯ್ಯನವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮಗಳು ಯಾವುದನ್ನು ಕೇಳಿ ಒಪ್ಪಿದಳೆಂದು ಈಗ ತಿಳಿಯಿತು. ಆದರೂ ಒಂದು ತಪಾಸಣೆ ಉಳಿದಿತ್ತು. ಟೇಪಿನಲ್ಲಿದ್ದುದು ಕಸ ಗುಡಿಸುವವಳಿಗೆ ಹೇಳಿದ ಮಾತು. ಹೆಣ್ಣು ಕೊಡುವ ಮಾವನಿಗೆ ಏನು ಹೇಳುತ್ತಾನೆ?

“ಶಿವಮಲ್ಲು.” ಹೆಸರು ಹಿಡಿದು ಕರೆದದ್ದು ಅದೇ ಮೊದಲು. “ಟೇಪಲ್ಲಿ ಕೇಳಿ ಕೇಳಿ ಸಾಕಾಗದೆ ನಂಗೆ. ಮದ್ವೆ ಆದ್ಮೇಲೆ ಭಾನ್ವಾರ ಭಾನ್ವಾರ ಗುಂಡ್ಲುಪೇಟೇಲಿ ನನ್ನೆದುರ್ಗೆ ಕೂತು ಪುಸ್ತಕ ಓದಿಯಾ?”

“ಊಂ ಅನ್ನಪ್ಪ, ಊಂ ಅನ್ನು” ಎಂದು ಗುರುಮಲ್ಲಯ್ಯ ಪಿಸುಗುಟ್ಟಿದ. ಶಿವರಂಜಿನಿಯ ಬಳೆ ಅಲುಗಲಿಲ್ಲ.

ತಡೆ. ಚಿಕ್ಕಬೀರಯ್ಯನವರು ಅದನ್ನು ಪೂರ್ತಿ ಕೇಳಿಸಿಕೊಂಡರು.

“ಭಾನುವಾರ ಆಗೋಲ್ಲ ಸಾರ್. ಆವತ್ತು ಇಲ್ಲಿ ಓದೋದಿರುತ್ತೆ. ಪರೀಕ್ಷೆ ಹುಡುಗರು ಕ್ಯಾಸೆಟ್ಟಿಗೆ ಕಾಯ್ತಾ ಇರ್ತಾರೆ.”

“ಥೂ ನಿನ್ನ” ಎಂದು ಗುರುಮಲ್ಲಯ್ಯ ತಲೆಗೆ ಕೈ ಹಚ್ಚಿದ.

ಚಿಕ್ಕಬೀರಯ್ಯನವರು ಎದ್ದರು. ಗಾಳಿಯಲ್ಲಿ ಕೈ ಚಾಚಿ ಮೇಜನ್ನು ಹುಡುಕಿದರು. ಮೇಜಿನ ಮೇಲೆ ಬಟ್ಟೆ ಹಾಸಿತ್ತು. ಅದನ್ನು ಪಕ್ಕಕ್ಕೆ ಸರಿಸಿ, ಬರಿಯ ಹಲಗೆ ಕೈಗೆ ಸಿಕ್ಕಿದ ಮೇಲೆ, ಅಂಗೈಯಿಂದ ಬಡಿದರು. ಒಂದು ಸಲ. ಇನ್ನೊಂದು ಸಲ.

“ಅಯ್ಯೋ ಸಾರ್!” ಶಾಂತರಾಜು ಗಾಜಿನ ಕಡೆ ನೋಡಿ ಕೂಗಿಕೊಂಡ. “ಮಿಷನ್ನು ಆನಾಗೇ ಅದೆ! ನೀವು ನಿಲ್ಸು ಅಂದ್ರಲ್ಲ, ಆಗ್ಲೂ ಮರ್ತ್ಬುಟ್ಟೆ. ಇಷ್ಟೊತ್ತು ಆಡಿದ್ದೆಲ್ಲ ತುಂಬ್ಕಬುಡ್ತು. ಅಳುಸ್ಬುಡ್ಲಾ?”

“ಬ್ಯಾಡ” ಎಂದರು ಚಿಕ್ಕಬೀರಯ್ಯನವರು. “ಆ ಎರಡ್ ಬಡ್ತ ಇರೋ ಟೇಪು ಕೊಡು ನಂಗೆ. ಗುರುಮಲ್ಲಮ್ಮ ಒಸ್ಲು ಮೇಲೆ ಕಾಯ್ಕಂಡು ಕೂತವ್ಳೆ, ಕೇಳುಸ್ಬೇಕು.”